ತೋಡಿನಾಚೆಗೆ ಮೂವತ್ತು ಮರ

ಪುತ್ತೂರಿನ ಬಸ್ ನಿಲ್ದಾಣದಿಂದ ನನ್ನ ಸ್ಟುಡಿಯೋಗೆ ಎಪ್ಪತ್ತೆರಡು ಅಡಿಕೆ ಮರ ದೂರ. ಹುಡುಕಿಕೊಂಡು ಬರುವವರು ದಾರಿಯಲ್ಲಿ ಮರ ನೋಡಬೇಡಿ, ಒಂದೂ ಇಲ್ಲ. ಒಂದು ಬೇಕರಿ, ಎರಡು ಮೊಬೈಲ್ ಅಂಗಡಿ, ಕನ್ನಡಕದ ಅಂಗಡಿ, ಮತ್ತೊಂದು ಬೇಕರಿ, ಇಷ್ಟೇ ಇರುವುದು. ಆದರೆ ನನಗೆ ದೂರ ಎನ್ನುವುದು ಗೊತ್ತಾಗುವುದೇ ಮರದ ಲೆಕ್ಕದಲ್ಲಿ. ಮೀಟರು, ಕಿಲೋಮೀಟರು ಎಲ್ಲ ಶಾಲೆಯಲ್ಲಿ ಕಲಿತಿದ್ದೇನೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೇನೆ, ಕಾಲಿಗೆ ಮಾತ್ರ ಅವು ಹತ್ತಲಿಲ್ಲ. ನಡೆಯುವಾಗ ನಾಲ್ಕು ಹೆಜ್ಜೆಗೊಮ್ಮೆ ನನ್ನ ತುಟಿ ತಾನಾಗಿ ಅಲ್ಲಾಡುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಜಪ ಎಂದು ತಿಳಿದು, ಗಂಡ ಭಾರೀ ದೈವಭಕ್ತ ಎಂದು ತವರಿನಲ್ಲಿ ಹೇಳಿಬಿಟ್ಟಿದ್ದಳು. ಸತ್ಯ ಗೊತ್ತಾಗುವ ಹೊತ್ತಿಗೆ ಮಾವನವರು ನನಗೆ ಒಂದು ರುದ್ರಾಕ್ಷಿ ಮಾಲೆ ತಂದಾಗಿತ್ತು. ಅದು ಈಗಲೂ ಕ್ಯಾಮರಾ ಇಡುವ ಕಪಾಟಿನಲ್ಲಿ ನೇತಾಡುತ್ತಿದೆ.

ಈ ಚಟ ಅಂಟಿಸಿದವರು ನನ್ನ ಅಜ್ಜ. ಅಜ್ಜಾವರದಲ್ಲಿ ಅವರು ಹೊಸ ತೋಟ ಹಾಕುವಾಗ ನನಗೆ ಏಳೆಂಟು ವರ್ಷ. ಅಡಿಕೆ ಸಸಿಗೆ ಗುಂಡಿ ತೆಗೆಯುವ ಮೊದಲು ಒಂಬತ್ತು ಅಡಿ ಉದ್ದದ ಬಿದಿರಿನ ಗಳೆ ಹಿಡಿದು ಜಾಗ ಗುರುತು ಮಾಡಬೇಕು. ಗಳೆಯ ಒಂದು ತುದಿ ಅಜ್ಜನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಅವರು "ಹೂಂ" ಎಂದ ಕೂಡಲೇ ನಾನು ನನ್ನ ತುದಿಯ ಕೆಳಗೆ ಗೂಟ ಊರಬೇಕು. ಒಂದು ಗಳೆ ಎಂದರೆ ಒಂದು ಮರ. ಹಾಗೆ ಇಡೀ ಇಳಿಜಾರನ್ನು ಅಳೆದೆವು. ಐದನೇ ಸಾಲಿನ ನಡುವೆ ಪಕ್ಕದ ಪೊದೆಯಿಂದ ಒಂದು ಉಡ ಹೊರಗೆ ಬಂತು. ನಾನು ಅದನ್ನು ನೋಡುತ್ತಾ ಗೂಟ ಊರಿದೆ. ಆ ಸಾಲು ಇವತ್ತಿಗೂ ಸೊಟ್ಟ. ಕೊಯ್ಲಿಗೆ ಬಂದವರೆಲ್ಲ ಅಲ್ಲಿ ನಿಂತು, ಇದು ಯಾವ ಪುಣ್ಯಾತ್ಮ ನೆಟ್ಟದ್ದು ಎಂದು ಕೇಳುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ.

ಇದನ್ನೆಲ್ಲ ಹೇಳುತ್ತಿರುವುದಕ್ಕೆ ಕಾರಣ ಗಾಲ್ಫ್. ನಗಬೇಡಿ. ಮದುವೆ ವಿಡಿಯೋ ಮಾಡುವ ನಾನು ಗಾಲ್ಫ್ ಆಡುವವರಿಗೆ ದಾರಿ ತೋರಿಸುವ ವಿಡಿಯೋ ಮಾಡಿದೆ ಎಂದರೆ ನನ್ನ ಭಾವನೇ ನಂಬಲಿಲ್ಲ. "ನಿನಗೆ ಕ್ರಿಕೆಟ್ಟೇ ಸರಿ ಗೊತ್ತಿಲ್ಲ ಮಾರಾಯ" ಎಂದ. ಅದೂ ನಿಜವೇ.

ಮದುವೆ ಮನೆಯಲ್ಲಿ ವಿಡಿಯೋದವನ ಸ್ಥಾನಮಾನ ಏನೆಂದು ನಿಮಗೆ ಗೊತ್ತಿರಬಹುದು. ಮೂವತ್ತು ವರ್ಷದಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು "ವಿಡಿಯೋದವರೇ, ಒಂಚೂರು ಆಚೆ." ಪುರೋಹಿತರಿಗೆ ನಾನು ಅಡ್ಡ, ಹೆಣ್ಣಿನ ಅತ್ತೆಗೆ ಅಡ್ಡ, ಬಡಿಸುವವರಿಗಂತೂ ನಾನು ಮನುಷ್ಯನೇ ಅಲ್ಲ, ಕಂಬ. ಹೀಗೆ ಎಲ್ಲರಿಗೂ ಅಡ್ಡವಾಗಿ ಬೇಸತ್ತು, ಮೇಲಿನಿಂದ ತೆಗೆದರೆ ಯಾರಿಗೂ ತೊಂದರೆ ಇಲ್ಲವಲ್ಲ ಎಂದು ಡ್ರೋನ್ ತಂದೆ. ಮೊದಲ ವಾರವೇ ಕಡಬದ ಒಂದು ಮದುವೆ ಮನೆಯಲ್ಲಿ ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋದವು. ಅದು ಹೆದರಿ, ಅಂದರೆ ನಾನು ಹೆದರಿ, ಅಡಿಕೆ ಮರದ ತಲೆಗೆ ಸಿಕ್ಕಿಸಿದೆ. ಗೊನೆ ಕೊಯ್ಯುವ ಒಬ್ಬರು ಹತ್ತಿ, ಹಗ್ಗಕ್ಕೆ ಕಟ್ಟಿ ಅಡಿಕೆ ಗೊನೆಯ ಜೊತೆಗೇ ಅದನ್ನು ಇಳಿಸಿದರು. ನನ್ನ ಕೈಗೆ ಕೊಡುವಾಗ "ಇದು ಇನ್ನೂ ಹಣ್ಣಾಗ್ಲಿಲ್ಲ ಮಾರಾಯ್ರೆ, ಸ್ವಲ್ಪ ದಿನ ಬಿಡ್ಬಹುದಿತ್ತು" ಎಂದರು. ಮದುಮಗ ಸಹಿತ ಎಲ್ಲರೂ ನಕ್ಕರು.

ಈ ಡ್ರೋನಿನ ಸುದ್ದಿ ಕೇಳಿಯೇ ಡಾಕ್ಟರಮ್ಮ ಒಂದು ಮಧ್ಯಾಹ್ನ ಆಟೋದಲ್ಲಿ ನನ್ನ ಸ್ಟುಡಿಯೋಗೆ ಬಂದದ್ದು.

ಡಾಕ್ಟರಮ್ಮ ಎಂದರೆ ನಮ್ಮ ಕಡೆಯ ಒಂದು ತಲೆಮಾರಿನ ಮಕ್ಕಳಿಗೆಲ್ಲ ಸೂಜಿ ಚುಚ್ಚಿದವರು. ಪುತ್ತೂರಿನಲ್ಲಿ ಅವರ ಕ್ಲಿನಿಕ್ ಇತ್ತು. ಈಗ ಎಪ್ಪತ್ತು ದಾಟಿದೆ, ಕ್ಲಿನಿಕ್ ಮುಚ್ಚಿ ಕೆಲವು ವರ್ಷವಾಯಿತು. ನಾನು ಅವರನ್ನು ಮೊದಲು ನೋಡಿದ್ದು ಐದನೇ ವಯಸ್ಸಿನಲ್ಲಿ, ನಾಯಿ ಕಚ್ಚಿದಾಗ. ನಾಯಿಯದ್ದು ತಪ್ಪಿಲ್ಲ, ಅದರ ಬಾಲ ಹಿಡಿದು ಎಳೆದದ್ದು ನಾನು. ಅಜ್ಜ ನನ್ನನ್ನು ಬಸ್ಸಿನಲ್ಲಿ ಪುತ್ತೂರಿಗೆ ಕರೆತಂದು, ದಾರಿಯುದ್ದಕ್ಕೂ "ಇರುವೆ ಕಚ್ಚಿದ ಹಾಗೆ ಆಗ್ತದೆ, ಅಷ್ಟೇ" ಎಂದು ಸಮಾಧಾನ ಮಾಡಿದ್ದರು. ಕ್ಲಿನಿಕ್ಕಿನೊಳಗೂ ಅದನ್ನೇ ಹೇಳಿದಾಗ ಡಾಕ್ಟರಮ್ಮ ಅಜ್ಜನನ್ನು ಗದರಿಸಿದರು. ನಮ್ಮ ಅಜ್ಜನನ್ನು ಯಾರಾದರೂ ಗದರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇರುವೆ ಅಲ್ಲ ಅದು, ಸೂಜಿ. ಮಗುವಿಗೆ ಸುಳ್ಳು ಹೇಳ್ಬೇಡಿ" ಎಂದು ನನ್ನ ಕಡೆ ತಿರುಗಿದರು. "ನೋಡು, ಮೊದಲು ತಣ್ಣಗೆ ಆಗ್ತದೆ. ಮತ್ತೆ ಚುಚ್ತೇನೆ. ನೋವುಂಟು. ನೀನು ಏಳು ಎಣಿಸು. ಏಳಕ್ಕೆ ಮುಗೀತದೆ. ಮುಗೀಲಿಲ್ಲಾಂದ್ರೆ ನನಗೆ ಬೈ."

ನಾನು ಎಣಿಸಿದೆ. ಏಳಕ್ಕೆ ಮುಗಿಯಿತು. "ನೋವಾಯ್ತಾ?" ಎಂದು ಕೇಳಿದರು. ನಾನು ಗಂಡಸಲ್ಲವೇ, "ಇಲ್ಲ" ಎಂದೆ. ಅವರು ಪೆಪ್ಪರ್‌ಮಿಂಟಿನ ಡಬ್ಬಿಯ ಮುಚ್ಚಳ ತೆರೆದವರು ಮತ್ತೆ ಮುಚ್ಚಿಬಿಟ್ಟರು. "ಸುಳ್ಳು ಹೇಳಿದವರಿಗೆ ಇಲ್ಲ." ಬಸ್ಸಿನಲ್ಲಿ ಸುಳ್ಯದವರೆಗೂ ನಾನು ಅತ್ತೆ. ಅದು ಸೂಜಿಗಲ್ಲ, ಪೆಪ್ಪರ್‌ಮಿಂಟಿಗೆ. ಎರಡನೇ ಸಲ ಹೋದಾಗ "ನೋವಾಯ್ತಾ?" ಎಂದರು. "ಆಯ್ತು" ಎಂದೆ. ಎರಡು ಸಿಕ್ಕಿತು. ನಾಯಿ ಕಚ್ಚಿದ್ದರಿಂದ ನನಗೆ ಆದ ಲಾಭ ಅಷ್ಟು.

ಆ ಡಾಕ್ಟರಮ್ಮ ಈಗ ನನ್ನ ಸ್ಟುಡಿಯೋದ ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡದೆ ಗೋಡೆ ನೋಡುತ್ತಿದ್ದರು. ನನ್ನ ಮೇಲೆ ಏನೋ ಸಿಟ್ಟು ಎಂದುಕೊಂಡೆ.

"ಸಿಟ್ಟಲ್ಲ ಮಾರಾಯ. ನನಗೆ ಕಣ್ಣಿನ ನಡುವೆ ಒಂದು ಮಂಜು ಕೂತಿದೆ. ನಿನ್ನ ಕಡೆಗೇ ನೋಡಿದರೆ ನಿನ್ನ ಎರಡು ಕಿವಿ ಕಾಣ್ತದೆ, ಮೂಗು ಇಲ್ಲ. ಗೋಡೆ ನೋಡಿದರೆ ನೀನು ಬದಿಯಲ್ಲಿ ಸ್ವಲ್ಪ ಕಾಣ್ತೀ" ಎಂದರು. "ಮುಂದಿನ ವರ್ಷಕ್ಕೆ ಇಷ್ಟೂ ಇರ್ಲಿಕ್ಕಿಲ್ಲ. ಮಂಗಳೂರಿನ ಡಾಕ್ಟ್ರು ಹೇಳಿದ್ದು. ಇರುವೆ ಗಿರುವೆ ಅಂತೆಲ್ಲ ಅವನು ಹೇಳ್ಲಿಲ್ಲ, ಒಳ್ಳೆ ಹುಡುಗ."

ಆಮೇಲೆ ವಿಷಯ ಹೇಳಿದರು. ಸಂಪಾಜೆಯ ಹತ್ತಿರ ಒಬ್ಬರು ಹಳೆಯ ರಬ್ಬರ್ ಕಡಿಸಿದ ಗುಡ್ಡದಲ್ಲಿ ಮತ್ತೆ ರಬ್ಬರ್ ಹಾಕದೆ ಹುಲ್ಲು ಬೆಳೆಸಿ, ಒಂಬತ್ತು ಗುಂಡಿಗಳ ಒಂದು ಸಣ್ಣ ಗಾಲ್ಫ್ ಮೈದಾನ ಮಾಡಿದ್ದಾರೆ. ಅದು ಆರಂಭವಾದಾಗ ಊರವರೆಲ್ಲ ನಕ್ಕಿದ್ದರು. ಅಷ್ಟು ಜಾಗಕ್ಕೆ ಬರೀ ಒಂಬತ್ತು ಗುಂಡಿ, ಅದರಲ್ಲಿ ಒಂದಕ್ಕೂ ಸಸಿ ಇಡುವುದಿಲ್ಲವಂತೆ ಎಂದು. ಡಾಕ್ಟರಮ್ಮ ಮತ್ತು ಅವರ ಯಜಮಾನರು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಿದ್ದರು. ಯಜಮಾನರು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಗಾಳಿ ಎತ್ತ, ಇಳಿಜಾರು ಎಷ್ಟು, ಯಾವ ಕೋಲು, ಎಲ್ಲವನ್ನೂ ಲೆಕ್ಕ ಹಾಕಿ ಹೆಂಡತಿಗೆ ಹೇಳುವವರು. ಅವರು ತೀರಿಹೋಗಿ ಎರಡು ವರ್ಷವಾಗಿತ್ತು.

"ಹದಿನೈದು ವರ್ಷ ಆಡಿದ್ದೇನೆ. ಎಲ್ಲಿಗೆ ಹೊಡೆಯುದು ಅಂತ ಹೇಳುದು ಅವರು, ಹೊಡೆಯುದು ನಾನು. ಪಾಪ, ಪ್ರೀತಿಯಲ್ಲೇ ಹೇಳುದು. ಆದರೆ ಆರಿಸಿದ್ದು ಒಂದೂ ನನ್ನದಲ್ಲ ಮಾರಾಯ. ಕ್ಲಿನಿಕ್ಕಿನಲ್ಲಿ ಎಷ್ಟು ಮಕ್ಕಳ ಜೀವ ನಾನೇ ಆಲೋಚನೆ ಮಾಡಿ ಉಳಿಸಿದ್ದೇನೆ, ಅಲ್ಲಿ ಹೋಗಿ ಒಂದು ಚೆಂಡು ಎಲ್ಲಿಗೆ ಅಂತ ನಾನು ಆಲೋಚನೆ ಮಾಡ್ಲಿಲ್ಲ. ಕಣ್ಣು ಪೂರಾ ಹೋಗುವ ಮೊದಲು ಒಂದು ದಿನ, ಒಂಬತ್ತಕ್ಕೆ ಒಂಬತ್ತೂ ನಾನೇ ಆರಿಸಿ ಆಡ್ಬೇಕು. ಏಳನೆಯದ್ದರಲ್ಲಿ ಒಂದು ತೋಡು ಉಂಟು, ನೀರು ಹರಿಯುವಂಥದ್ದು. ಅವರು ಒಂದು ಸಲವೂ ನನ್ನನ್ನು ದಾಟಿಸ್ಲಿಕ್ಕೆ ಬಿಡ್ಲಿಲ್ಲ. 'ಎಡದಿಂದ ಸುತ್ತು, ಎಡದಿಂದ ಸುತ್ತು.' ಅದನ್ನೂ ಒಂದು ನೋಡ್ಬೇಕು."

"ಯಾರಾದರೂ ಬದಿಯಲ್ಲಿ ನಿಂತು ಹೇಳಿದ್ರೆ ಆಗುದಿಲ್ವಾ?" ಎಂದೆ.

"ಹಾಗಾದ್ರೆ ಮತ್ತೆ ಅವರು ಆರಿಸಿದ ಹಾಗೇ ಆಯ್ತಲ್ಲ" ಎಂದು ಗದರಿಸಿದರು. ಐದನೇ ವಯಸ್ಸಿನಲ್ಲಿ ಅಜ್ಜನಿಗೆ ಬಿದ್ದದ್ದೇ ಗದರಿಕೆ ಅದು. ನಾನು ನೆಟ್ಟಗೆ ಕೂತೆ. "ದೂರದ್ದು ನನಗೆ ಕಾಣುದಿಲ್ಲ. ಮೊಬೈಲು ಹತ್ತಿರ ಹಿಡಿದು ಓರೆಯಲ್ಲಿ ನೋಡಿದರೆ ಕಾಣ್ತದೆ. ಆ ಗುಡ್ಡವನ್ನು ನೀನು ಮೊಬೈಲಿಗೆ ಹಾಕಿ ಕೊಡು. ಮನೆಯಲ್ಲಿ ಕೂತು ಹತ್ತು ಸಲ ನೋಡಿ ನಾನೇ ನಿಶ್ಚಯ ಮಾಡ್ತೇನೆ."

ನಾನು ಕೂಡಲೇ ಒಪ್ಪಿದೆ. ಗಾಲ್ಫ್ ಗೊತ್ತಿಲ್ಲ ಎಂದು ಹೇಳುವುದಕ್ಕೆ ಧೈರ್ಯ ಬರಲಿಲ್ಲ ಎನ್ನುವುದೂ ಉಂಟು.

ಮೊದಲ ಸಲ ನಾನು ಮಾಡಿಕೊಂಡು ಬಂದದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೂವತ್ತು ವರ್ಷ ಮದುವೆ ತೆಗೆದ ಕೈ. ಬೆಳಗಿನ ಎಳೆ ಬಿಸಿಲಲ್ಲಿ, ಗುಂಡಿಯ ಗುರುತಿಗೆ ನೆಟ್ಟ ಬಾವುಟದ ಸುತ್ತ ಡ್ರೋನನ್ನು ಮೂರು ಸುತ್ತು ಹಾರಿಸಿದ್ದೆ. ಹುಲ್ಲಿನ ತುದಿಯ ಮಂಜಿನ ಹನಿ ನಿಧಾನಕ್ಕೆ ಜಾರುವುದನ್ನು ತೋರಿಸಿದ್ದೆ. ಹಿನ್ನೆಲೆಗೆ ಕೊಳಲು. ಒಂದು ಗುಂಡಿ ಮುಗಿದು ಇನ್ನೊಂದು ಬರುವಾಗ ತೆರೆಯ ಮೇಲೆ ಗುಲಾಬಿ ಎಸಳು ಉದುರುವ ಏರ್ಪಾಡು ಬೇರೆ. ಡಾಕ್ಟರಮ್ಮ ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ಓರೆಯಲ್ಲಿ ಕೊನೆಯವರೆಗೂ ನೋಡಿದರು.

"ಚಂದ ಉಂಟು. ಮದುವೆ ಯಾರದ್ದು? ಗುಂಡಿಯದ್ದಾ?" ಎಂದು ಕೇಳಿದರು. "ನನಗೆ ಚಂದ ಬೇಡ ಮಾರಾಯ. ದೂರ ಬೇಕು. ಎಲ್ಲಿ ಚೆಂಡು ಹೂತುಹೋಗುವ ಮರಳು, ಎಲ್ಲಿ ನೀರು, ಎಲ್ಲಿ ಇಳಿಜಾರು. ನಾನು ನಿಲ್ಲುವ ಜಾಗದಿಂದ ಹೊರಡು. ಚೆಂಡು ಹೋದ ಹಾಗೆ ಹೋಗು. ಅದು ನಿಲ್ಲುವಲ್ಲಿ ನೀನೂ ನಿಲ್ಲು."

ಮತ್ತೆ ಹೋದೆ. ಈ ಸಲ ಹಾಗೆಯೇ ತೆಗೆದೆ. ಆದರೆ ಮೇಲಿನಿಂದ ನೋಡಿದರೆ ಎಂಥ ಗುಡ್ಡವೂ ಅಂಗಳದ ಹಾಗೆ ಸಪಾಟಾಗಿ ಕಾಣುತ್ತದೆ, ಡ್ರೋನಿನ ದೊಡ್ಡ ದೋಷ ಅದು. ಆಗ ನನ್ನನ್ನು ಕಾಪಾಡಿದ್ದು ಕಮಲಕ್ಕ.

ಕಮಲಕ್ಕ ಸಂಪಾಜೆಯವರು. ಆ ಗುಡ್ಡದಲ್ಲಿ ರಬ್ಬರ್ ಇದ್ದಾಗ ಇಪ್ಪತ್ತು ವರ್ಷ ಅಲ್ಲೇ ಮರ ಗೀರುವ ಟ್ಯಾಪಿಂಗ್ ಕೆಲಸ ಮಾಡಿದವರು. ರಬ್ಬರ್ ಹೋದ ಮೇಲೆ ಅಲ್ಲೇ ಹುಲ್ಲು ಕತ್ತರಿಸುವುದು, ಆಡುವವರ ಕೋಲಿನ ಚೀಲ ಹೊರುವುದು. ಡಾಕ್ಟರಮ್ಮನ ಚೀಲ ಹೊತ್ತವರೂ ಅವರೇ. ನನ್ನ ವಿಡಿಯೋ ನೋಡಿ ಅವರು ತಲೆಯಾಡಿಸಿದರು.

"ಇದರಲ್ಲಿ ಎಲ್ಲ ಸಮ ಕಾಣ್ತದೆ. ಸಮ ಇಲ್ಲ ಮಾರಾಯ್ರೆ. ಹಾಲಿನ ಕ್ಯಾನು ಹೊತ್ತುಕೊಂಡು ಇಲ್ಲಿ ಎಷ್ಟು ಸಲ ಜಾರಿದ್ದೇನೆ ಅಂತ ನನಗೆ ಗೊತ್ತು."

ಹಾಲು ಎಂದರೆ ರಬ್ಬರ್ ಹಾಲು. ಇಷ್ಟು ಹೇಳಿ ಅವರು ಸೊಂಟದ ಗಂಟು ಬಿಚ್ಚಿ, ವೀಳ್ಯಕ್ಕೆಂದು ತಂದಿದ್ದ ಹಣ್ಣಡಿಕೆ ಹೊರತೆಗೆದರು. ಬಾವುಟದ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಒಂದೊಂದಾಗಿ ಉರುಳಿಸಿದರು. ಅಡಿಕೆ ಚೆಂಡಿನಷ್ಟು ನೆಟ್ಟಗೆ ಹೋಗುವುದಿಲ್ಲ, ಕುಡಿದವರ ಹಾಗೆ ಹೋಗುತ್ತದೆ. ಆದರೂ ಎಲ್ಲವೂ ಕೊನೆಗೆ ಒಂದೇ ಕಡೆ ಇಳಿದವು. ಮೇಲಿನಿಂದ ನೋಡಿದರೆ ಹಸಿರಿನ ಮೇಲೆ ಕಿತ್ತಳೆ ಬಣ್ಣದ ಗೆರೆಗಳು ಎಳೆದ ಹಾಗೆ ಕಂಡಿತು. ಒಂಬತ್ತು ಗುಂಡಿಯ ಸುತ್ತಲೂ ಹಣ್ಣಡಿಕೆ ಉರುಳಿಸಿ ತೆಗೆದೆವು. ಅದನ್ನು ತೋರಿಸಿದ ದಿನ ಡಾಕ್ಟರಮ್ಮ ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದರು. ಆಮೇಲೆ "ಬಣ್ಣ ಕಾಣ್ತದೆ ಮಾರಾಯ, ಒಂದೊಂದೂ ಕಾಣ್ತದೆ" ಎಂದರು. ನನಗೆ ಅಷ್ಟು ಸಂತೋಷ ಯಾವ ಮದುವೆಯಲ್ಲೂ ಆಗಿರಲಿಲ್ಲ.

ಇನ್ನು ಉಳಿದದ್ದು ದೂರ. ಅದನ್ನು ನಿನ್ನ ಧ್ವನಿಯಲ್ಲೇ ಹೇಳಿ ವಿಡಿಯೋಕ್ಕೆ ಸೇರಿಸು ಎಂದರು. ಅದಕ್ಕೊಂದು ನಿಯಮ ಹಾಕಿದರು. "ಏನುಂಟು ಅಂತ ಮಾತ್ರ ಹೇಳು. ಎಂತ ಮಾಡ್ಬೇಕು ಅಂತ ಹೇಳ್ಬೇಡ." ನಾನು ಒಂಬತ್ತು ಗುಂಡಿಯನ್ನೂ ಕಾಲಲ್ಲಿ ನಡೆದು ಅಳೆದೆ. ಅಳೆದದ್ದು ಯಾವ ಲೆಕ್ಕದಲ್ಲಿ ಎಂದು ನೀವು ಆಗಲೇ ಊಹಿಸಿರಬಹುದು. "ನಿಂತ ಜಾಗದಿಂದ ಬಲಗಡೆಯ ಮರಳಿಗೆ ಇಪ್ಪತ್ತೆರಡು ಮರ. ಮರಳಿನಿಂದ ಬಾವುಟಕ್ಕೆ ಹದಿನೇಳು ಮರ." ಹೇಳುವಾಗ ನನಗೆ ತಪ್ಪು ಅನ್ನಿಸಲೇ ಇಲ್ಲ. ಡಾಕ್ಟರಮ್ಮನಿಗೂ ಅನ್ನಿಸಲಿಲ್ಲ. ಅವರೂ ಅಡಿಕೆ ತೋಟದಲ್ಲೇ ಹುಟ್ಟಿ ಬೆಳೆದವರು. "ನೋಡು, ಮೇಷ್ಟ್ರು ಗಜ ಗಜ ಅಂತ ಹೇಳುವಾಗ ನನ್ನ ತಲೆಗೆ ಹೋಗ್ತಿರ್ಲಿಲ್ಲ. ಹದಿನೇಳು ಮರ ಅಂದ್ರೆ ನಮ್ಮ ಬಾವಿಯಿಂದ ತೋಡು ದಾಟುವ ಕಾಲುಸಂಕಕ್ಕೆ. ಕಣ್ಣು ಮುಚ್ಚಿದರೂ ಕಾಣ್ತದೆ" ಎಂದರು. ಅಜ್ಜನ ಗಳೆ ಒಂಬತ್ತು ಅಡಿ, ಗಾಲ್ಫಿನ ಗಜ ಮೂರು ಅಡಿ. ಒಂದು ಮರಕ್ಕೆ ಸರಿಯಾಗಿ ಮೂರು ಗಜ. ಅಜ್ಜ ಗಾಲ್ಫ್ ಆಡುವವರೇ ಆಗಿದ್ದರೋ ಏನೋ, ನಮಗೆ ಹೇಳಲಿಲ್ಲ.

ತಪ್ಪು ಎಂದು ಗೊತ್ತಾದದ್ದು ಮೈದಾನದ ಮ್ಯಾನೇಜರು ಆ ವಿಡಿಯೋ ನೋಡಿ ಮೆಚ್ಚಿ, ಆಡಲು ಬರುವ ಎಲ್ಲರಿಗೂ ಇರಲಿ ಎಂದು ಆಫೀಸಿನ ಟೀವಿಯಲ್ಲಿ ಹಾಕಿದ ಮೇಲೆ. ಮೈಸೂರಿನಿಂದ ಬಂದ ಒಬ್ಬರು ಅದನ್ನು ಶ್ರದ್ಧೆಯಿಂದ ಕೇಳಿಕೊಂಡು ಹೋಗಿ, ನಾಲ್ಕನೇ ಗುಂಡಿಯ ಮುಂದೆ ಹದಿನೇಳು ಮರ ಎಲ್ಲಿದೆ ಎಂದು ಹುಡುಕಿದರಂತೆ. ಹುಲ್ಲಿನ ಮೇಲೆ ಒಂದೂ ಮರ ಕಾಣದೆ, ದಾರಿ ತಪ್ಪಿ ಬೇರೆ ಗುಂಡಿಗೆ ಬಂದೆ ಎಂದುಕೊಂಡು ವಾಪಸು ನಡೆದರಂತೆ. ಮ್ಯಾನೇಜರು ಫೋನು ಮಾಡಿ "ಎಂತ ಮಾರಾಯ್ರೆ, ಮರ ಕಡಿದದ್ದಾ ಅಂತ ಕೇಳ್ತಾರೆ ಅವರು, ನಾನೆಂತ ಹೇಳುದು?" ಎಂದರು. ಬೇರೆಯವರಿಗೆ ಗಜದಲ್ಲಿ ಇನ್ನೊಂದು ಮಾಡಿಕೊಟ್ಟೆ. ಡಾಕ್ಟರಮ್ಮನದ್ದು ಮರದಲ್ಲೇ ಉಳಿಯಿತು.

ಏಳನೆಯದ್ದರಲ್ಲಿ ಮಾತ್ರ ನಾನು ನಿಯಮ ಮುರಿದೆ. ಅಲ್ಲಿ ಹೊಡೆಯುವ ಜಾಗದ ಮುಂದೆ ನೆಲ ಕಡಿದಾಗಿ ಇಳಿದು, ಕೆಳಗೆ ತೋಡು ಹರಿಯುತ್ತದೆ. ಆಚೆ ದಡಕ್ಕೆ ಸರಿಯಾಗಿ ಮೂವತ್ತು ಮರ. ಕಮಲಕ್ಕ ಕಂಡ ಪ್ರಕಾರ ಡಾಕ್ಟರಮ್ಮನ ಹೊಡೆತ ಒಳ್ಳೆಯ ದಿನವಾದರೆ ಮೂವತ್ತೈದು ಮರ, ಸಾಧಾರಣ ದಿನ ಇಪ್ಪತ್ತೆಂಟು. ಎಡಗಡೆಯಿಂದ ಸುತ್ತಿದರೆ ಎರಡು ಹೊಡೆತ ಜಾಸ್ತಿ ಬೇಕು, ಚೆಂಡಿಗೆ ಅಪಾಯವಿಲ್ಲ. ಇದನ್ನೆಲ್ಲ ಹೇಳಿ ಕೊನೆಗೆ ನನಗರಿವಿಲ್ಲದೆ "ಎಡದಿಂದ ಹೋದರೆ ಒಳ್ಳೆಯದು" ಎಂದು ಸೇರಿಸಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಫೋನು ಬಂತು.

"ನೀನೂ ಮೇಷ್ಟ್ರು ಆದಿಯಾ?"

ಆ ವಾಕ್ಯ ತೆಗೆದು ಹಾಕಿ ಮತ್ತೆ ಕಳಿಸಿದೆ.

ಮಳೆ ಬಿಟ್ಟು ನೆಲ ಗಟ್ಟಿಯಾದ ಮೇಲೆ ಒಂದು ಭಾನುವಾರ ಗೊತ್ತುಮಾಡಿದರು. ನನ್ನ ಕಾರಿನಲ್ಲೇ ಹೊರಟೆವು. ಸುಳ್ಯದಲ್ಲಿ ನಿಲ್ಲಿಸಿ ಬನ್ಸ್ ತಿಂದೆವು. ನಾನು ಮೂರು ತಿಂದೆ. ಅವರು ಅರ್ಧ ತಿಂದು ಬಿಟ್ಟರು. ಹೆದರಿಕೆಯಾ ಎಂದು ಕೇಳಿದ್ದಕ್ಕೆ "ಉಂಟು" ಎಂದರು. ಸಂಪಾಜೆ ಬರುವವರೆಗೆ ಮೊಬೈಲನ್ನು ಕಿವಿಯ ಬದಿಯಲ್ಲಿ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದರು. ಕಾರಿನೊಳಗೆ ನನ್ನದೇ ಧ್ವನಿ "ಇಪ್ಪತ್ತೆರಡು ಮರ, ಹದಿನೇಳು ಮರ" ಎನ್ನುತ್ತಿತ್ತು. ನನ್ನ ಧ್ವನಿ ಇಷ್ಟು ಕೀರಲು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಲ್ಲಿ ಕಮಲಕ್ಕ ಚೀಲ ಹೆಗಲಿಗೆ ಹಾಕಿ ಕಾಯುತ್ತಿದ್ದರು. ಎರಡು ವರ್ಷದ ಮೇಲೆ ಕಂಡ ಡಾಕ್ಟರಮ್ಮನ ಎರಡೂ ಕೈ ಹಿಡಿದು "ಇಷ್ಟು ದಿನ ಬೇಕಿತ್ತಾ ಬರ್ಲಿಕ್ಕೆ" ಎಂದರು. ಡಾಕ್ಟರಮ್ಮ ಕಣ್ಣೊರೆಸಿಕೊಂಡು, ಇದೇ ಕಣ್ಣಿನ ಕಾಯಿಲೆ ಎಂದು ನನಗೆ ಹೇಳಿದರು. ನಾನು ಕೇಳಿರಲಿಲ್ಲ.

ಪ್ರತಿ ಗುಂಡಿಯ ಮೊದಲು ನಿಂತು ಒಂದು ಸಲ ಮೊಬೈಲು ನೋಡುವುದು, ಕೋಲಿನ ತುದಿಯಿಂದ ದಿಕ್ಕು ತೋರಿಸಿ "ಅಲ್ಲಿಗೆ" ಎನ್ನುವುದು, ಕಾಲ ಬಳಿಯ ಚೆಂಡನ್ನು ಓರೆಗಣ್ಣಿನಲ್ಲಿ ಹುಡುಕಿಕೊಂಡು ಹೊಡೆಯುವುದು. ಹೀಗೆ ಸಾಗಿತು. ನಾನೂ ಕಮಲಕ್ಕನೂ ಬಾಯಿ ಬಿಡುವ ಹಾಗಿಲ್ಲ. ಬಿದ್ದ ಮೇಲೆ ಎಲ್ಲಿ ಬಿತ್ತೆಂದು ಹೇಳುವುದಷ್ಟೇ ನನ್ನ ಕೆಲಸ. ಮೂರನೆಯದ್ದರಲ್ಲಿ ಸುಲಭದ ದಾರಿ ಬಿಟ್ಟು ಹೊಡೆದು ಮರಳಿಗೆ ಹಾಕಿದರು. ಅದರಿಂದ ಹೊರಗೆ ತರಲು ನಾಲ್ಕು ಹೊಡೆತ ಬೇಕಾಯಿತು, ಸೀರೆಯ ನೆರಿಗೆಯ ತುಂಬ ಮರಳು. ನನಗೆ ಸಂಕಟವಾಗಿ ನೋಡಿದರೆ ಅವರು ನಗುತ್ತಿದ್ದರು.

"ನಾನೇ ಆರಿಸಿದ ಮರಳು ಮಾರಾಯ."

ಐದರಲ್ಲಿ ಚೆಂಡು ಬಾವುಟದ ಹತ್ತಿರ ನಿಂತಾಗ, ಹಣ್ಣಡಿಕೆ ಯಾವ ಕಡೆ ಇಳಿದಿತ್ತೆಂದು ನೆನಪು ಮಾಡಿಕೊಂಡು ಬೇಕೆಂದೇ ಓರೆಯಾಗಿ ತಟ್ಟಿದರು. ಚೆಂಡು ಬಳಸಿಕೊಂಡು ಹೋಗಿ ಗುಂಡಿಗೆ ಬಿತ್ತು. ಟಕ್ ಎಂದು ಕೇಳಿತು. ಕಮಲಕ್ಕ ಚೀಲ ನೆಲಕ್ಕೆ ಹಾಕಿ ಚಪ್ಪಾಳೆ ತಟ್ಟಿದರು.

ಏಳನೆಯದ್ದು ಬಂತು. ತೋಡಿನ ಸದ್ದು ಕೇಳುತ್ತಿತ್ತು. ಡಾಕ್ಟರಮ್ಮ ಈ ಸಲ ಮೊಬೈಲು ನೋಡಲಿಲ್ಲ, ನೋಡಿ ನೋಡಿ ಬಾಯಿಪಾಠವಾಗಿತ್ತು. ಎಡಕ್ಕೆ ಒಮ್ಮೆ ತಿರುಗಿದರು. ಅಲ್ಲಿ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ಸ್ವಲ್ಪ ಹೊತ್ತು ಆ ಕಡೆಗೇ ಮುಖ ಮಾಡಿದ್ದರು. ಆಮೇಲೆ ಕೋಲಿನ ತುದಿಯನ್ನು ನೇರ ತೋಡಿನ ಕಡೆಗೆ ಚಾಚಿ "ಅಲ್ಲಿಗೆ" ಎಂದರು.

ಹೊಡೆದರು. ಚೆಂಡು ಚೆನ್ನಾಗಿಯೇ ಏರಿತು. ಆಚೆ ದಡದ ಹತ್ತಿರ ಬಂದು, ಮನಸ್ಸು ಬದಲಾಯಿಸಿದಂತೆ ಇಳಿದು, ತೋಡಿನ ಕಲ್ಲುಗಳ ನಡುವೆ ಬಿತ್ತು.

"ಎಲ್ಲಿ?" ಎಂದರು.

ನಾನು ಜೇಬು ಮುಟ್ಟಿಕೊಂಡೆ. ಅವರಿಗೆ ಕಾಣುವುದಿಲ್ಲ. ನನ್ನ ಜೇಬಿನಲ್ಲಿ ಇನ್ನೊಂದು ಚೆಂಡು ಇತ್ತು. ಆಚೆ ಹೋಗಿ ಹುಲ್ಲಿನ ಮೇಲೆ ಅದನ್ನು ಇಟ್ಟರೆ ಮುಗಿಯಿತು. ಎಪ್ಪತ್ತು ದಾಟಿದ ಹೆಂಗಸಿನ ಒಂದು ಆಸೆ, ಮುಂದಿನ ವರ್ಷ ಇಷ್ಟೂ ಕಣ್ಣಿರುವುದಿಲ್ಲ, ಒಂದು ಸುಳ್ಳಿನಿಂದ ಯಾರಿಗೆ ಏನು ನಷ್ಟ? ಕಮಲಕ್ಕ ನನ್ನನ್ನೇ ನೋಡುತ್ತಿದ್ದರು. "ಆಚೆಗೆ... ದಡದ ಹತ್ತಿರ... ದಾಟಿದ ಹಾಗೆ ಕಂಡಿತು" ಎಂದೆ.

ಡಾಕ್ಟರಮ್ಮ ನನ್ನ ಕಡೆಗೆ ತಿರುಗಿದರು. ಅವರಿಗೆ ನನ್ನ ಕಿವಿ ಮಾತ್ರ ಕಂಡಿರಬೇಕು.

"ಇರುವೆ ಕಚ್ಚಿದ ಹಾಗೆ ಅಂತ ನಾನು ನಿನಗೆ ಹೇಳಿದ್ದೆನಾ?"

ನಾಚಿಕೆಯಿಂದ ನನಗೆ ಹೆಬ್ಬೆರಳಲ್ಲಿ ನೆಲ ಕೆರೆಯುವಂತಾಯಿತು. "ಇಲ್ಲ" ಎಂದೆ. "ತೋಡಿಗೆ ಬಿತ್ತು."

"ಎಷ್ಟು ಮರ ಕಮ್ಮಿ?"

"ಎರಡು."

"ಎರಡೇ ಅಲ್ವಾ?" ಎಂದು ಅವರು ಕೈ ಚಾಚಿದರು. ಕಮಲಕ್ಕ ಇನ್ನೊಂದು ಚೆಂಡು ಕೊಟ್ಟರು. "ಕಮಲ, ಆ ಉದ್ದದ ಕೋಲು ಕೊಡು" ಎಂದರು. ಮೇಷ್ಟ್ರು ಅದನ್ನು ಅವರಿಗೆ ಮುಟ್ಟಲು ಬಿಡುತ್ತಿರಲಿಲ್ಲವಂತೆ, ಬೆನ್ನು ಹಿಡಿಯುತ್ತದೆಂದು. ಚೆಂಡು ಇಟ್ಟು, ಕಾಲು ಸರಿಮಾಡಿಕೊಂಡು, ಎರಡು ಸಲ ಉಸಿರು ಬಿಟ್ಟು ಹೊಡೆದರು.

ನಾನು ಎಣಿಸಲು ಶುರುಮಾಡಿದ್ದೆ ಎಂದು ನನಗೇ ಗೊತ್ತಾದದ್ದು ಮೂರಕ್ಕೆ ಬಂದಾಗ. ಮರವಲ್ಲ, ಬರೀ ಸಂಖ್ಯೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಕ್ಲಿನಿಕ್ಕಿನಲ್ಲಿ ಮುಚ್ಚುತ್ತಿದ್ದ ಹಾಗೆಯೇ. ನಾಲ್ಕು, ಐದು, ಆರು. ಏಳು ಎನ್ನುವಷ್ಟರಲ್ಲಿ ಆಚೆ ಕಡೆ ಹುಲ್ಲಿನ ಮೇಲೆ ದೊಪ್ಪೆಂದು ಮೆತ್ತಗೆ ಒಂದು ಸದ್ದು. ಕಣ್ಣು ಬಿಟ್ಟೆ. ದಡದಿಂದ ಎರಡು ಮರ ಆಚೆಗೆ, ಹಸಿರಿನ ಮೇಲೆ ಬೆಳ್ಳಗೆ ನಿಂತಿತ್ತು.

"ಬಿತ್ತು ಡಾಕ್ಟ್ರಮ್ಮ, ಆಚೆಗೆ ಬಿತ್ತು, ಸತ್ಯವಾಗಿ ಆಚೆಗೆ" ಎಂದು ಕಮಲಕ್ಕ ಕೂಗಿದರು. ನನಗೆ ಕೂಗಲು ಆಗಲಿಲ್ಲ. ಮೂಗು ಸೋರುತ್ತಿತ್ತು. ಅಷ್ಟು ಮದುವೆಗಳಲ್ಲಿ ಎಲ್ಲರೂ ಅಳುತ್ತಾ ಹೆಣ್ಣನ್ನು ಗಂಡನ ಮನೆಗೆ ಇಳಿಸಿಕೊಡುವಾಗ ಕ್ಯಾಮರಾ ಹಿಡಿದು ಕಂಬದ ಹಾಗೆ ನಿಂತವನು ನಾನು. ಆ ದಿನ ಕ್ಯಾಮರಾ ಚಾಲೂ ಮಾಡಲೇ ಮರೆತಿದ್ದೆ ಎಂದು ಆಮೇಲೆ ತಿಳಿಯಿತು.

ನಾನು ಮೂಗು ಎಳೆದುಕೊಂಡದ್ದು ಅವರಿಗೆ ಕೇಳಿಸಿತು.

"ಎಂತ ಮಾರಾಯ, ನೋವಾಯ್ತಾ?"

"ಆಯ್ತು" ಎಂದೆ.

ಅವರು ಚೀಲದ ಪಕ್ಕದ ಜೇಬಿನಲ್ಲಿ ಕೈಯಾಡಿಸಿ ಎರಡು ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಯಲ್ಲಿ ಇಟ್ಟರು. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಏಳನೆಯದ್ದು ಮುಗಿಸಿದ ಮೇಲೆ ಇನ್ನೂ ಎರಡು ಗುಂಡಿ ಬಾಕಿ ಇತ್ತು. ಡಾಕ್ಟರಮ್ಮ ಮೊಬೈಲು ಕಿವಿಯ ಹತ್ತಿರ ಹಿಡಿದು ಎಂಟನೆಯದ್ದನ್ನು ಓರೆಗಣ್ಣಿನಲ್ಲಿ ನೋಡುತ್ತಾ ಮುಂದೆ ನಡೆದರು.